ಬಾಗಿಲ ಮುಂದಿನ ಗುರುತು

ಜಪಾನಿನ ಹಮಾಮತ್ಸು ನಗರದ ಹೊರವಲಯದಲ್ಲಿರುವ ನಮ್ಮ ಹಳ್ಳಿಗೆ ಹಿಂದೆ ಸ್ವಂತ ಪಂಚಾಯಿತಿ ಇತ್ತಂತೆ. ಅದು ನಗರಕ್ಕೆ ಸೇರಿ ಎಷ್ಟೋ ವರ್ಷವಾದರೂ ಕೇರಿ ಸಂಘದ ಮುಖ್ಯಸ್ಥರು ಮಾತ್ರ ಹಳ್ಳಿ ಕಾಯುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಲ್ಲರ ಕಸದ ಚೀಲಗಳನ್ನೂ ಬೆರಳಿನಿಂದ ಒತ್ತಿ ನೋಡುವರು. "ಸುಮ್ನೆ, ಖಾತ್ರಿಗೆ" ಎನ್ನುವರು. ನಾನು ನಮಸ್ಕರಿಸಿದರೆ ಮೊದಲು ನನ್ನ ಕೈಯಲ್ಲೇನಿದೆ ಎಂದು ನೋಡಿ, ಆಮೇಲೆ ತಲೆ ಬಗ್ಗಿಸುವರು.

ಯುಗಾದಿಯ ದಿನ ನನ್ನ ಹೆಂಡತಿ ನಮ್ಮ ಬಾಗಿಲಿಗೆ ರಂಗೋಲಿ ಹಾಕಿ, ಪಕ್ಕದ ಒಂಟಿ ಅಜ್ಜಿಯ ಬಾಗಿಲಿಗೂ ಪ್ರೀತಿಯಿಂದ ಒಂದು ಹಾಕಿದಳು. ಮಧ್ಯಾಹ್ನವೇ ಮುಖ್ಯಸ್ಥರು ಬಂದರು. ಒಂಟಿ ಮುದುಕರ ಮನೆಗೆ ಕಳ್ಳರು ಹೀಗೇ ಗುರುತು ಹಾಕಿ ಹೋಗುತ್ತಾರಂತೆ. ನಮ್ಮ ಬಾಡಿಗೆ ಕರಾರು ಆ ತಿಂಗಳೇ ಮುಗಿಯುತ್ತಿತ್ತು. ಮನೆ ಮಾಲೀಕರು ಇವರ ಮಾತು ಮೀರುವವರಲ್ಲ.

"ಸುಮಿಮಾಸೆನ್, ಇದು ಹಬ್ಬಕ್ಕೆ ಹಾಕೋದು" ಎಂದು ಕ್ಷಮೆ ಕೇಳಿದೆ, ನನ್ನ ಹರಕು ಜಪಾನಿಯಲ್ಲಿ.

"ಯಾರು ಹೇಳಿಕೊಟ್ರು?"

"ಇವಳ ಅಮ್ಮ."

"ಅವರು ಈಗ ಎಲ್ಲಿದ್ದಾರೆ?"

"ಏನ್ರೀ, ಅಮ್ಮನ್ನೂ ಸ್ಟೇಷನ್ನಿಗೆ ಕರೆಸ್ತಾರಾ?" ಎಂದು ಹೆಂಡತಿ ಕನ್ನಡದಲ್ಲಿ ಗೊಣಗಿ, ರಂಗೋಲಿ ಡಬ್ಬಿ ತಂದು ಅವರ ಕಾಲ ಬಳಿಯೇ ಕೂತಳು. ಚುಕ್ಕಿ ಇಟ್ಟಳು, ಎಳೆ ಎಳೆದಳು, ತಪ್ಪಾಯಿತೆಂದು ಅಳಿಸಿ ಮತ್ತೆ ಎಳೆದಳು. ಮುಖ್ಯಸ್ಥರು ಕೈಗಡಿಯಾರ ನೋಡುತ್ತ ನಿಂತೇ ಇದ್ದರು. ಕೊನೆಗೆ ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು.

"ಇಪ್ಪತ್ತು ನಿಮಿಷ. ಕಳ್ಳರು ಇಷ್ಟು ಹೊತ್ತು ಕೂರಲ್ಲ."

ಕರಾರು ಮುಂದುವರಿಯಿತು. ಆದರೆ ಅಂದು ಹೊರಡುವಾಗಲೇ ಅವರ ಕಣ್ಣು ಬಾಗಿಲ ಹೊರಗೆ ಬಿಟ್ಟಿದ್ದ ನಮ್ಮ ಚಪ್ಪಲಿಗಳ ಮೇಲೆ ಬಿದ್ದಿತ್ತು.

"ಇರೋದು ಇಬ್ಬರು" ಎಂದರು. "ಐದು ಜೋಡಿ ಯಾಕೆ?"