ಅಂಗಡಿ ಅಕ್ಕ ತನಗಾಗಿ ಆರಿಸಿದ ಘಮ

ಮೊಮ್ಮಗಳು ಮೊನ್ನೆ ಒಂದು ಚೀಲದ ತುಂಬ ಬಾಟಲಿ ತಂದಳು. ಕಡಿಮೆ ರೇಟಿಗೆ ಸಿಕ್ಕಿತಂತೆ. ಮೈಗೆ ಹೊಡೆದುಕೊಳ್ಳುವುದು ಒಂದು, ಹಚ್ಚಿಕೊಳ್ಳುವುದು ಒಂದು, ಸ್ನಾನಕ್ಕೆ ನೊರೆ ಬರುವುದು ಇನ್ನೊಂದು. ಗಂಡನಿಗೆ ಕಪ್ಪು ಬಾಟಲಿ, ತನಗೆ ಗುಲಾಬಿ ಬಣ್ಣದ್ದು. ನನ್ನನ್ನು ಕೇಳದೆಯೇ ಕಪ್ಪು ಬಾಟಲಿಯಿಂದ ನನ್ನ ಮಣಿಕಟ್ಟಿಗೆ ಚುಸ್ಸೆಂದು ಹೊಡೆದು, "ಹೆಂಗೈತಜ್ಜಿ?" ಅಂದಳು. ಮೂಸಿದೆ. ಮೊದಲು ಬಂದದ್ದು ಸಾರಾಯಿಯಂಥ ಘಾಟು. ಆಮೇಲೆ ಅದರ ಅಡಿಯಿಂದ ಮೆಲ್ಲಗೆ, ನೀರಲ್ಲಿ ನೆನೆದ ಲಾವಂಚದ ಬೇರಿನ ವಾಸನೆ ಎದ್ದಿತು. "ಚೆನ್ನಾಗೈತೆ" ಅಂದು ಎದ್ದು ಹಿತ್ತಲಿಗೆ ಹೋಗಿ ನಿಂತೆ. ಅಲ್ಲೇ ಕೂತಿದ್ದರೆ ಏನಾಯ್ತು ಅಂತ ಕೇಳುತ್ತಿದ್ದಳು.

ಏನಾಯ್ತು ಅಂದರೆ, ಅಂಗಡಿ ಅಕ್ಕ ನೆನಪಾದಳು.

ನಾವಾಗ ತಿಪಟೂರಿನಲ್ಲಿದ್ದೆವು. ನನ್ನ ಗಂಡ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದರು. ನಮ್ಮ ಮನೆಗೂ ಅಂಗಡಿ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಬೀದಿ ಕಡೆಯ ಕೋಣೆಯಲ್ಲೇ ಅವಳ ಅಂಗಡಿ. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಇಟ್ಟುಕೊಂಡು ಅದನ್ನು ನಡೆಸುತ್ತಿದ್ದಳು. ಪೌಡರು, ಸ್ನೋ, ಸೋಪು, ಸೆಂಟು, ಊದುಬತ್ತಿ, ಸಾಂಬ್ರಾಣಿ. ಇಡೀ ಡಬ್ಬ ಕೊಳ್ಳುವ ಶಕ್ತಿ ನಮ್ಮ ಬೀದಿಯಲ್ಲಿ ಯಾರಿಗಿತ್ತು? ಅದಕ್ಕೇ ಅವಳು ಪೌಡರನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಸೋಪನ್ನು ದಾರ ಹಾಕಿ ಎಳೆದು ಅರ್ಧ ಮಾಡಿ ಕೊಡುತ್ತಿದ್ದಳು. ಸೆಂಟು ಬೇಕೆಂದವರಿಗೆ ಗಾಜಿನ ಕಡ್ಡಿಯನ್ನು ಬುದ್ದಲಿಯಲ್ಲಿ, ಅಂದರೆ ಸೆಂಟಿನ ಪುಟ್ಟ ಸೀಸೆಯಲ್ಲಿ, ಅದ್ದಿ ಚೂರು ಹತ್ತಿಗೆ ಮುಟ್ಟಿಸಿ ಕೊಡುವಳು. ಗಂಡಸರು ಆ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಮದುವೆಗೆ ಬಸ್ಸು ಹತ್ತುತ್ತಿದ್ದರು. ಹೆಂಗಸರು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದರು.

ತಿಪಟೂರಿಗೆ ಮೊದಲೇ ಒಂದು ವಾಸನೆ ಇದೆ. ಅಟ್ಟದ ಮೇಲೆ ಒಣಗುವ ಕಾಯಿ, ಮಂಡಿಯ ಗೋಣಿಚೀಲ, ಎಣ್ಣೆ ಗಾಣ, ಒಲೆಯಲ್ಲಿ ಉರಿಯುವ ಚಿಪ್ಪು. ಕೊಬ್ಬರಿಯ ಕಮಟು ಬೆವರಿಗೆ ಸೇರಿ ಮೈಗೇ ಅಂಟಿಬಿಡುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಅಕ್ಕನ ವ್ಯಾಪಾರ ಶುರುವಾಗುತ್ತಿದ್ದುದೇ ಅಲ್ಲಿಂದ. ಸೆಂಟು ಕೊಡಿ ಅಂದವರಿಗೆ ಬುದ್ದಲಿ ತೋರಿಸುತ್ತಿರಲಿಲ್ಲ. "ಏನ್ ಕೆಲ್ಸ ಮಾಡ್ತೀಯಪ್ಪ?" ಅನ್ನುತ್ತಿದ್ದಳು. ಹೆಂಗಸಾದರೆ, "ತಲೆಗೆ ಏನ್ ಹಚ್ಕಂಡಿದೀಯ?" ಅನ್ನುವಳು. ತಲೆಗೆ ಹಚ್ಚಿದ ಎಣ್ಣೆ ಹಳೆಯದಾದರೆ, ಮಲ್ಲಿಗೆ ಸೆಂಟು ಅದರ ಮೇಲೆ ಹಳಸಿದ ಪಾಯಸದ ಹಾಗೆ ನಾರುತ್ತದೆ ಅಂತ ಅವಳ ವಾದ. ಸೀಗೆಕಾಯಿ ಹಾಕಿ ತೊಳೆದುಕೊಂಡು, ಹೊಸ ಎಣ್ಣೆಗೆ ಒಂದಿಷ್ಟು ಮರುಗ ಹಾಕಿ ಕಾಯಿಸಿ ಹಚ್ಚಿಕೋ ಅಂತ ಹೇಳಿ ಬರಿಗೈಯಲ್ಲಿ ಕಳಿಸಿದ್ದೂ ಉಂಟು.

ಬೆಂಗಳೂರಿನಿಂದ ಒಬ್ಬ ಏಜೆಂಟು ಬಂದಿದ್ದ. ಘಮಘಮಿಸುವ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟುಕೊಳ್ಳಿ ಮೇಡಂ ಅಂದ. ಅಕ್ಕ ಬಾಟಲಿಯನ್ನು ತಿರುಗಿಸಿ ನೋಡಿದಳು. "ಕೊಬ್ರಿ ಎಣ್ಣೆನಾ? ತಿಪಟೂರ್ಗಾ? ಈ ಬೀದೀಲಿ ನಾಯಿ ಬಾಲಕ್ಕೂ ಅದೇ ಹಚ್ಚೋದು ಕಣಪ್ಪ" ಅಂದಳು. ಪಾಪ, ಅವನೂ ನಕ್ಕುಬಿಟ್ಟ. ಮಜ್ಜಿಗೆ ಕುಡಿದು ಹೋದ.

ನಮ್ಮ ತವರು ಕಂದಿಕೆರೆ ಕಡೆಯವನೊಬ್ಬ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಹೆಣ್ಣು ನೋಡುವುದಕ್ಕೆ ಹೋಗುವಾಗ ಸಂತೆಯಲ್ಲಿ ಗುಲಾಬಿ ಸೆಂಟು ಕೊಂಡು, ಅಂಗಿ ತೊಯ್ಯುವಷ್ಟು ಸುರಿದುಕೊಂಡಿದ್ದ. ಮಾರನೇ ದಿನ ಅಕ್ಕನ ಅಂಗಡಿ ಮುಂದೆ ಮುಖ ಇಳಿಬಿಟ್ಟುಕೊಂಡು ನಿಂತ.

"ಏನ್ಲಾ, ಹೆಣ್ಣು ಒಪ್ತಾ?"

"ಒಪ್ಪೋದಿರ್ಲಿ ಬುಡಕ್ಕ. ನಾನು ಜಗಲಿ ಹತ್ತಿದ್ದೇ, ಅವರಜ್ಜಿ ಒಳಗಿಂದ್ಲೇ ಕೂಗ್ತು. ಪನ್ನೀರು ವಾಸ್ನೆ ಬತ್ತೈತೆ, ಯಾರು ತೀರ್ಕಂಡ್ರು ಅಂತ."

ಅಕ್ಕ ನಕ್ಕ ನಗು ನನಗೆ ಗೋಡೆಯಾಚೆ ಕೇಳಿಸಿತು. ನಮ್ಮ ಕಡೆ ಹೆಣಕ್ಕೆ ಪನ್ನೀರು ಎರಚುತ್ತಾರಲ್ಲ, ಮುದುಕಿಗೆ ಅದೇ ಅನ್ನಿಸಿದೆ. ಅಕ್ಕ ಅವನಿಗೆ ಅರ್ಧ ಸೋಪು ಕೊಟ್ಟಳು, ಲಾವಂಚದ್ದು. "ದಿನಾ ಇದ್ರಲ್ಲಿ ಮೈ ತೊಳ್ಕೊ. ಮಂಡಿಗೆ ಹಾಕ್ಕಂಡೋಗೋ ಅಂಗೀನ ಹೆಣ್ಣಿನ ಮನೆಗೆ ಹಾಕ್ಕಂಡೋಗ್ಬ್ಯಾಡ. ಹೋಗೋ ದಿನ ಏನೂ ಹಚ್ಕಬ್ಯಾಡ ಕಣ್ಲಾ, ಮುಚ್ಕಂಡು ಹೋಗು" ಅಂದಳು. ಸೆಂಟು ಮಾರುವವಳು ಹಚ್ಚಿಕೊಳ್ಳಬೇಡ ಅನ್ನುವುದು! ಆದರೆ ಮುಂದಿನ ಹೆಣ್ಣು ಅವನನ್ನು ಒಪ್ಪಿತು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದು ಅವಳಿಗೂ ಆರಿಸಿಕೊಡು ಅಂದ.

ಅಕ್ಕ ತಾನು ಮಾತ್ರ ಏನನ್ನೂ ಹಚ್ಚಿಕೊಳ್ಳುತ್ತಿರಲಿಲ್ಲ. ಗಂಡ ಸತ್ತವಳು ಸೆಂಟು ಹಚ್ಚಿಕೊಂಡರೆ ಆಗ ಬೀದಿ ಸುಮ್ಮನಿರುತ್ತಿತ್ತೇ? ಹೊಸ ಮಾಲು ಬಂದರೆ ನನ್ನನ್ನು ಕರೆಯುವಳು. ನನ್ನ ಮಣಿಕಟ್ಟಿಗೆ ಸವರಿ, ಮನೆಕೆಲಸ ಮಾಡಿಕೊಂಡು ಬಾ ಅಂತ ಕಳಿಸಿ, ಮಧ್ಯಾಹ್ನ ಮತ್ತೆ ಕರೆದು ಮೂಸುವಳು. ಡಬ್ಬದ ಮೇಲಿನ ಇಂಗ್ಲಿಷು ಅವಳಿಗೂ ಬರದು, ಮೂರನೇ ಕ್ಲಾಸಿಗೆ ಬಿಟ್ಟ ನನಗೂ ಬರದು. ನನ್ನ ಕೈ ಮೂಸಿಯೇ ಅವಳು ಯಾವುದು ಯಾರಿಗೆ ಅಂತ ಗೊತ್ತುಮಾಡಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ... ಈಗಲೂ ಕಾಣುತ್ತದೆ ಆ ಮುಖ.

ಮಗಳನ್ನು ದಬ್ಬೇಘಟ್ಟಕ್ಕೆ ಕೊಟ್ಟಳು. ಅದಾದ ಮೇಲೆ ಒಂದು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಮಾರನೇ ದಿನವೂ ಇಲ್ಲ. ಬೀದಿಯವರು ವ್ಯಾಪಾರ ಬಿತ್ತು ಅಂದುಕೊಂಡರು. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಕೂತಿದ್ದಳು. ಸುತ್ತ ಬುದ್ದಲಿಗಳು, ಎಲ್ಲದರ ಬಿರಡೆ ತೆಗೆದಿತ್ತು.

"ಹತ್ರ ಬರ್ಬ್ಯಾಡ ಕಣೇ" ಅಂದಳು.

ಎದೆಯಲ್ಲಿ ಹುಣ್ಣಾಗಿತ್ತು. ಗಂಟು ಇದ್ದದ್ದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ, ಮಗಳ ಮದುವೆ ಕೆಡುತ್ತದೆ ಅಂತ. ಈಗ ಒಡೆದಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ನಾನೂ ನನ್ನ ಗಂಡನೂ ಕರೆದುಕೊಂಡು ಹೋದೆವು. ತಡವಾಯ್ತು ಅಂದರು. ಮುಲಾಮು ಕೊಟ್ಟು ಕಳಿಸಿದರು.

ನಾನು ದಿನಾ ಹೋಗಿ ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ತೊಳೆದು, ಬಟ್ಟೆ ಬದಲಾಯಿಸುತ್ತಿದ್ದೆ. ನನಗೆ ವಾಸನೆ ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ, ಅಷ್ಟೇ. ಅವಳಿಗೆ ನೋವಿಗಿಂತ ಆ ವಾಸನೆಯೇ ದೊಡ್ಡದಾಗಿತ್ತು. ಜನ್ಮದಲ್ಲಿ ಮೊದಲ ಸಲ ತನಗೆ ತಾನೇ ಸೆಂಟು ಹಚ್ಚಿಕೊಂಡಳು. ಮಲ್ಲಿಗೆ, ಗಂಧ, ಲಾವಂಚ, ಕೇದಿಗೆ, ಒಂದಾದ ಮೇಲೆ ಒಂದು. ಹಚ್ಚಿಕೊಂಡು ನನ್ನ ಕಡೆ ನೋಡುವಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಸುಮ್ಮನೆ ಹೂಂ ಅಂದಿದ್ದರೂ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಮಲ್ಲಿಗೆಯಂತೂ ಆ ನಾತವನ್ನು ಇನ್ನೂ ಮೇಲೆತ್ತಿ ಹಿಡಿಯುತ್ತಿತ್ತು. "ಇದಕ್ಕೆ ಒಗ್ಗೋದು ನನ್ನ ಅಂಗ್ಡೀಲೇ ಇಲ್ಲ ನೋಡೇ" ಅಂದು ಒಂದು ದಿನ ಬುದ್ದಲಿಗಳನ್ನೆಲ್ಲ ಗೂಡಿಗೆ ಎತ್ತಿಡಿಸಿದಳು.

ಆ ಹೊತ್ತಿಗೆ ಮಗಳು ಚೊಚ್ಚಲ ಬಸುರಿ. ಬಾಣಂತನ ತಾಯಿ ಮನೆಯಲ್ಲೇ ಆಗಬೇಕಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು, "ನಿನ್ನ ಮನೇಲಿ ಇಟ್ಕತೀಯಾ?" ಅಂದಳು. ಇಟ್ಟುಕೊಂಡೆ. ಗಂಡು ಮಗುವಾಯಿತು. ಗೋಡೆಯ ಈ ಕಡೆ ಬಾಣಂತಿ, ಮಗು. ಆ ಕಡೆ ಅಕ್ಕ. ಅವಳು ಮಂಚ ಬಿಟ್ಟು ಆ ಗೋಡೆಗೇ ಬೆನ್ನು ಕೊಟ್ಟು ಕೂರುವುದು ಶುರುಮಾಡಿದಳು. ಬಟ್ಟೆ ಬದಲಾಯಿಸಲು ಹೋದರೆ, "ರಾತ್ರಿ ಅತ್ತದ್ದು ಹೊಟ್ಟೆನೋವಿನ ಅಳು ಕಣೇ, ಓಮದ ನೀರು ಕುಡಿಸ್ರಿ" ಅನ್ನುವಳು. ಸರಿಯಾಗಿಯೇ ಇರುತ್ತಿತ್ತು.

ಆದರೆ ನೋಡುವುದಕ್ಕೆ ಬರಲಿಲ್ಲ. ಮಗಳು ಮಗುವನ್ನು ಎತ್ತಿಕೊಂಡು ತಾನೇ ಹೋಗಿ ಬಾಗಿಲು ತಟ್ಟಿದಳು. "ಅವ್ವ, ತಗಿಯವ್ವ, ನಾನು ನಿನ್ನ ಮಗಳಲ್ವಾ?" ಅಂದಳು. ಒಳಗಿನಿಂದ ಚಿಲಕ ಹಾಕಿತ್ತು. "ಹಸಿ ಬಾಣಂತಿ, ಗಾಳೀಲಿ ನಿಂತ್ಕಬ್ಯಾಡ, ಒಳೀಕೆ ಹೋಗು" ಅಂತಷ್ಟೇ ಉತ್ತರ ಬಂತು.

ನಾನು ಬೈದೆ. ನನಗೆ ನಯವಾಗಿ ಮಾತಾಡಲು ಬರುವುದಿಲ್ಲ. "ಏನಕ್ಕ ನಿನ್ನ ಬಿಂಕ? ಎರಡು ತೊಟ್ಟು ಸೆಂಟು ಹಾಕ್ಕಂಡು ಬಂದು ನೋಡ್ಕಂಡು ಹೋಗೋಕೇನು?"

"ಬಾಣಂತಿ ಕೋಣೆಗೆ ಸೆಂಟು ಹಾಕ್ಕಂಡು ಬರ್ತಾರೇನೇ? ಮಗೀಗೆ ಸೋಕಲ್ವಾ? ಬಾಣಂತಿಗೆ ಮಲ್ಲಿಗೆ ಹೂವೇ ಮುಡಿಸಲ್ಲ ನಾವು."

ಅದೂ ನಿಜವೇ. ನಮ್ಮಲ್ಲಿ ಹಾಗೇ. ಹಾಲು ಕುಡಿಯುವ ಕೂಸಿನ ಹತ್ತಿರ ಘಾಟು ವಾಸನೆ ತರುವುದಿಲ್ಲ.

"ಹಂಗಾರೆ ಹಾಕ್ಕಬ್ಯಾಡ, ಹಂಗೇ ಬಾ. ಅಷ್ಟು ಸಣ್ಣ ಮಗೀಗೆ ಏನ್ ಗೊತ್ತಾಗ್ತದೆ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಅದ್ಕೆ ಗೊತ್ತಾಗೋದೇ ವಾಸ್ನೆ ಕಣೇ. ಮುಖ ಗುರುತಿಲ್ಲ, ಮಾತು ತಿಳೀದು. ಮೂಸಿ ಮೂಸೇ ತಾಯ್ನ ಕಂಡುಹಿಡೀತದೆ. ಅಜ್ಜಿ ಅಂದ್ರೆ ಈ ನಾತ ಅಂತ ಅದ್ರ ತಲೇಲಿ ಕೂರೋದು ಬ್ಯಾಡ."

ಬಟ್ಟೆಯ ಬಕೆಟ್ಟು ಎತ್ತಿಕೊಂಡು ಬಂದೆ.

ಮೂರನೇ ತಿಂಗಳಲ್ಲಿ ದಬ್ಬೇಘಟ್ಟದವರು ಮಗಳನ್ನು ಕರೆದುಕೊಂಡು ಹೋಗುವ ದಿನ ಗೊತ್ತಾಯಿತು. ಅಕ್ಕ ಅಷ್ಟು ಹೊತ್ತಿಗೆ ಬಹಳ ಇಳಿದುಹೋಗಿದ್ದಳು. ಮತ್ತೆ ಆ ಮಗುವನ್ನು ಕಾಣುವುದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಹಿಂದಿನ ದಿನ ಬಟ್ಟೆ ಕಟ್ಟುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದಳು. "ಮಗೀಗೆ ನೀರು ಹಾಕಿದ್ಮೇಲೆ ಹೊಗೆ ಕೊಡ್ತೀರಲ್ಲ, ಯಾವ್ದು ಹಾಕ್ತೀರಿ?"

"ಸಾಂಬ್ರಾಣಿ. ಇನ್ನೇನ್ ಹಾಕ್ತಾರೆ?"

"ನನ್ನ ಅಂಗ್ಡಿ ಕೆಳಗ್ಲ ಗೂಡಲ್ಲಿ ಒಂದು ತಗಡಿನ ಡಬ್ಬ ಐತೆ, ಅದ್ರಲ್ಲಿ ಊದುಬತ್ತಿಗೆ ಹಾಕೋ ಮರದಂಟು, ಹಾಲುಮಡ್ಡಿ ಐತೆ. ನಾಳೆ ಸಾಂಬ್ರಾಣಿ ಜೊತೆ ಅದ್ನ ಪುಡಿ ಮಾಡಿ ಹಾಕು. ಚಿಪ್ಪಿನ ಕೆಂಡ ಜಾಸ್ತಿ ಮಾಡು, ಕಿಟಕಿ ಮುಚ್ಚು." ಸ್ವಲ್ಪ ಸುಧಾರಿಸಿಕೊಂಡು ಅಂದಳು, "ಅದು ಸೆಂಟಲ್ಲ. ಬಾಣಂತಿ ಮನೇದೇ. ಹೊಗೆ ಎದ್ದ ಮೇಲೆ ಕರಿ, ಬತ್ತೀನಿ. ಅದೇ ನನ್ನ ವಾಸ್ನೆ ಅನ್ಕಳ್ಳಲಿ."

ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಬಟ್ಟೆ ಸುತ್ತಿ, ಕೋಣೆಯ ಮೂಲೆಯಲ್ಲಿ ಕೆಂಡದ ಬಟ್ಟಲಿಟ್ಟು ಎರಡನ್ನೂ ಉದುರಿಸಿದೆ. ಹೊಗೆ ಬೆಳ್ಳಗೆ ಎದ್ದು ಜಂತೆ ಮುಟ್ಟಿತು. ಹಾಲುಮಡ್ಡಿಯ ಘಮ ಸಿಹಿಯಾಗಿ, ಕೆನೆ ಕಟ್ಟಿದ ಹಾಲಿನ ಹಾಗೆ. ಅಕ್ಕ ಒಗೆದ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಬಂದಳು. ಬಟ್ಟಲಿನ ಪಕ್ಕದಲ್ಲೇ ಕೂತಳು. ಹುಣ್ಣಿಲ್ಲದ ಕಡೆಯ ತೊಡೆ ಮುಂದೆ ಮಾಡಿ ಕೈ ಚಾಚಿದಳು.

ಮಗುವನ್ನು ಕೊಟ್ಟೆ. ಅದು ಕಣ್ಣು ಬಿಟ್ಟುಕೊಂಡೇ ಇತ್ತು. ಮೂಗಿನ ಹೊಳ್ಳೆ ಚೂರು ಅರಳಿಸಿತು. ಅಕ್ಕ ಉಸಿರು ಬಿಗಿಹಿಡಿದಳು. ಅಳುತ್ತದೇನೋ ಅಂತ ನಾನೂ... ಅಳಲಿಲ್ಲ. ಅವಳ ಬೆರಳು ಹಿಡಿದುಕೊಂಡಿತು. ಅಕ್ಕ ಬಗ್ಗಿ ಅದರ ನೆತ್ತಿ ಮೂಸಿದಳು, ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಹೊಸ ಮಾಲು ಮೂಸುತ್ತಿದ್ದ ಹಾಗೇ. ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ಅಳಬ್ಯಾಡ ಕಣೇ, ಹಾಲು ಕೆಡ್ತದೆ" ಅಂತ ಗದರಿದಳು.

ಹೊಗೆ ತೆಳ್ಳಗಾಗತೊಡಗಿತು. ಅವಳ ಕಣ್ಣು ಬಟ್ಟಲಿನ ಮೇಲೆಯೇ ಇತ್ತು. ನಾನು ಇನ್ನೊಂದು ಚಿಟಿಕೆ ಹಾಕಲು ಹೋದೆ. "ಸಾಕು ಬುಡು. ಮಗ ಕೆಮ್ತದೆ" ಅಂದಳು. "ಎತ್ಕೋ."

ಎತ್ತಿಕೊಂಡೆ. ಬೆರಳನ್ನು ಮಗುವಿನ ಮುಷ್ಟಿಯಿಂದ ಬಿಡಿಸುವುದೇ ಕಷ್ಟವಾಯಿತು. ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ.

ಆ ಮಗುವಿಗೆ ಈಗ ತಲೆಕೂದಲು ನರೆತಿದೆ. ದಬ್ಬೇಘಟ್ಟದಲ್ಲಿ ತೋಟ ನೋಡಿಕೊಂಡಿದ್ದಾನೆ. ಮೊಮ್ಮಗಳ ಬಾಟಲಿ ಬಂದ ವಾರದಲ್ಲೇ ಅವನೂ ಬಂದಿದ್ದ, ಏನೋ ಕೆಲಸವಿತ್ತಂತೆ. ಇದನ್ನೆಲ್ಲ ಅವನಿಗೆ ಯಾವತ್ತೂ ಹೇಳಿರಲಿಲ್ಲ, ಹೇಳಿದೆ. ಕೈಕಟ್ಟಿ ಕೂತು ಕೇಳಿದ. ಕೊನೆಗೆ ಕೇಳಿದೆ, "ಸಾಂಬ್ರಾಣಿ ಹೊಗೆ ಮೂಗಿಗೆ ಬಿದ್ರೆ ನಿಂಗೆ ಏನಾದ್ರೂ ಅನ್ನಿಸ್ತದೇನಪ್ಪ?"

ಪಾಪ, ಯೋಚನೆ ಮಾಡಿದ. ಮುದುಕಿಗೆ ನೋವಾಗಬಾರದು ಅಂತ ಬಹಳ ಹೊತ್ತು ಯೋಚನೆ ಮಾಡಿದ. "ಇಲ್ಲಜ್ಜಿ. ತಲೆನೋವು ಬತ್ತದೆ, ಅಷ್ಟೇ" ಅಂದ.

ಸರಿ ಅಂದೆ. ಕಾಫಿ ಕೊಟ್ಟು ಕಳಿಸಿದೆ. ಅವನ ಅಜ್ಜಿ ಆರಿಸಿದ ಘಮ ಅವನಲ್ಲಿ ಉಳಿಯಲಿಲ್ಲ. ಬೇಸರವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅವಳು ಬೇಡ ಅಂದಿದ್ದ ವಾಸನೆಯೂ ಅವನಲ್ಲಿ ಇಲ್ಲ. ಅದು ನನ್ನಲ್ಲಿದೆ. ಅವಳನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಅದೇ, ಆಮೇಲೆಯೇ ಉಳಿದದ್ದು. ನಾನು ಹೋದರೆ ಅದನ್ನು ಬಲ್ಲವರು ಯಾರೂ ಇರುವುದಿಲ್ಲ.