ಕೆಂಪು ಕಾಲಿನ ಕೊಕ್ಕರೆ ಮತ್ತು ಫಕ್ಕೀರಪ್ಪ ಕಾಕಾ

ಕರಿ ಕೊಕ್ಕರೆಯನ್ನು ಹತ್ತಿರದಿಂದ ನೋಡಲು ನನಗೆ ತಗುಲಿದ ಖರ್ಚು ಒಂದು ಮೊಬೈಲು, ಅದೂ ರಾಣೆಬೆನ್ನೂರಿನಲ್ಲಿ ಎರಡು ತಾಸು ಚೌಕಾಸಿ ಮಾಡಿ ಕೊಂಡದ್ದು. ಹಮಾಲಿ ಮಾಡುತ್ತಲೇ ಮೇಲೆ ಬಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟವನು ನಾನು. ನಷ್ಟವನ್ನು ಸುಮ್ಮನೆ ಸಹಿಸುವವನಲ್ಲ. ಈ ನಷ್ಟಕ್ಕೆ ಕಾರಣ ಫಕ್ಕೀರಪ್ಪ ಕಾಕಾ.

ನಮ್ಮ ಕಡೆಯ ಒಂದು ಕೆರೆಯಲ್ಲಿ ಕಾಕಾ ಮೀನು ಹಿಡಿಯುತ್ತಿದ್ದರು. ಬೆರಳು ಮಾಡಿ ತೋರಿಸುವ ಅಭ್ಯಾಸವೇ ಅವರಿಗಿರಲಿಲ್ಲ. ಕೈ ಎತ್ತಿದರೆ ಹಕ್ಕಿ ಏಳುತ್ತದೆಂಬ ಎಚ್ಚರ ಮೈಗೆ ಹತ್ತಿ, ಚಹಾದಂಗಡಿಯಲ್ಲೂ ಭಜಿಯ ತಟ್ಟೆಯನ್ನು ಗದ್ದದಿಂದಲೇ ತೋರಿಸುವರು. ಮಹಾನವಮಿ ಮುಗಿದು ಉತ್ತರದ ಹಕ್ಕಿಗಳು ಇಳಿಯತೊಡಗಿದರೆ ಕೆರೆಯ ನಡುಗಡ್ಡೆಯ ಸುತ್ತ ಬಲೆ ಬಿಡುತ್ತಿರಲಿಲ್ಲ. ಒಂದು ವರ್ಷ ಯಾರೋ ಕೆರೆಯ ಹೆಸರು ಹಾಕಿ ಕರಿ ಕೊಕ್ಕರೆಯ ಫೋಟೊ ಹಂಚಿದರು. ಜನ ನುಗ್ಗಿದರು. ದಣಿದು ಬಂದಿದ್ದ ಹಕ್ಕಿ ಗಾಬರಿಯಲ್ಲಿ ಎದ್ದು ಕರೆಂಟಿನ ತಂತಿಗೆ ಬಡಿದು ಸತ್ತಿತು. ಹೂಳಿದವರು ಕಾಕಾ.

ಮರುವರ್ಷ ಇನ್ನೊಂದು ಬಂತು. ಕಾಕಾನ ಹರಿಗೋಲಿಗೆ ಮಾತ್ರ ಹಕ್ಕಿಗಳು ಹೆದರುತ್ತಿರಲಿಲ್ಲ. ಕೇಳಿದಷ್ಟು ಕೊಡುತ್ತೇನೆ, ಕರೆದೊಯ್ಯಿರಿ ಎಂದೆ.

"ರೊಕ್ಕ ತಗೊಂಡ್ರ ನಿಮ್ಮ ಮಾತು ನಾ ಕೇಳಬೇಕಾಗತೈತಿ ಸಾವ್ಕಾರ್ರ. ಪುಕ್ಕಟ ಬರ್ರಿ, ನನ್ನ ಮಾತು ನೀವು ಕೇಳ್ರಿ."

ಬಿಳಿ ಅಂಗಿ ಮುಚ್ಚಿಕೊಳ್ಳಲು ಹೇಳಿದರು. ಜಾಣತನ ತೋರಿಸಲು ಹೋಗಿ ಅಂಗಡಿಯ ಖಾಲಿ ಚೀಲ ಹೊದ್ದೆ. ಮೆಣಸಿನಕಾಯಿಯ ಚೀಲ! ಗಡ್ಡೆ ಹತ್ತಿರವಾಗುವಷ್ಟರಲ್ಲಿ ಮೂಗು ಉರಿಯತೊಡಗಿತು.

ಕೊಕ್ಕರೆ ರೆಕ್ಕೆ ಇಳಿಬಿಟ್ಟು ನಿಂತಿತ್ತು. ಕರಿ ಮೈ, ಕೆಂಪು ಕಾಲು. ಮೊಬೈಲು ಎತ್ತಿದೆ. ಸೀನು ಮೂಗಿನ ತುದಿಗೆ ಬಂತು. ಕೊಕ್ಕರೆಯ ಕುತ್ತಿಗೆ ನೆಟ್ಟಗಾಯಿತು.

"ಸೀನಿದ್ರ ಅದು ಏಳತೈತಿ," ಕಾಕಾ ತುಟಿ ಅಲುಗಿಸದೆ ಉಸುರಿದರು. "ಮೂಗ ಹಿಡೀರಿ. ಎರಡೂ ಕೈಲೆ."

ಹಿಡಿದೆ. ಮೊಬೈಲು ನೀರಿಗೆ ಜಾರಿತು. ಕೊಕ್ಕರೆ ಒಂದು ಕಾಲೆತ್ತಿತು. ನನ್ನ ಕಣ್ಣಲ್ಲಿ ನೀರು, ಎದೆಯಲ್ಲಿ ಉಸಿರಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾಲು ಕೆಳಗಿಳಿಯಿತು, ಕುತ್ತಿಗೆ ಬಾಗಿತು.

ದಡಕ್ಕೆ ಬಂದು ಮೊಬೈಲು ಹೋಯಿತೆಂದು ಗೊಣಗಿದೆ.

"ಅದು ಕೆರಿಯಾಗ ಐತಿ. ಹಕ್ಕಿ ಹೋಗಿದ್ರ ಎಲ್ಲಿ ಹುಡುಕೂಣು?"

ಈ ವರ್ಷ ಹಾವೇರಿಯ ಆಸ್ಪತ್ರೆಯಲ್ಲಿ ಕಡೆಯ ಸಲ ಕಂಡಾಗ, ಹಕ್ಕಿ ಬಂದವೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. "ಬಂದ್ರ ನನಗೊಬ್ಬಗ ಹೇಳ್ರಿ," ಎಂದರು. ಮಹಾನವಮಿಗೆ ಮೊದಲೇ ಹೋದರು.

ನಿಮಗೂ ಹೇಳುತ್ತೇನೆ, ಕೇಳಿ. ಅಪರೂಪದ ಹಕ್ಕಿ ಕಂಡರೆ ಕೆರೆಯ ಏರಿ ಮೇಲೆ ಕೂತು ಕಣ್ತುಂಬ ನೋಡಿ, ದಿನ ಹೊತ್ತು ಬರೆದಿಡಿ. ಊರಿಗೆ ಸಾರುವುದಿದ್ದರೆ ಅದು ಹೊರಟುಹೋದ ಮೇಲೆ ಸಾರಿ. ಕೆರೆಯ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ. ಕೇಳಬೇಡಿ, ಮೊನ್ನೆ ಬಂದಿಳಿದದ್ದು ಇನ್ನೂ ಅಲ್ಲೇ ಇದೆ.