ಐದರ ನಕ್ಷೆ ಹಾಸಿದ ಗೌಂಡಿ ಚಾಚಾ

ನೆಲಕ್ಕೆ ಹಾಸಿದ ಹಳೆಯ ಪರ್ಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ, ಎರಡರ ನಡುವಿನದು. ಹೋದ ವಾರ ಆಳಂದದ ನಮ್ಮ ಮನೆಯಲ್ಲಿ ತಮ್ಮನ ಮಗ ಹೊಸ ಟೈಲ್ಸ್ ಹಾಕಿಸುತ್ತೇನೆಂದು ಹಳೆಯ ನೆಲ ಕೀಳಿಸತೊಡಗಿದ. ಧೂಳು ಏಳಬಾರದೆಂದು ಕೆಲಸದವರು ನೀರು ಚಿಮುಕಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅರವತ್ತೈದು ದಾಟಿದವಳು, ನಿವೃತ್ತ ಲೆಕ್ಚರರ್ ಎಂಬುದೇ ಮರೆತುಹೋಯಿತು. ಗೌಂಡಿ ಚಾಚಾ ಇಲ್ಲೇ ಎಲ್ಲೋ ಕುಕ್ಕರಗಾಲಲ್ಲಿ ಕೂತು ಕಲ್ಲು ಬಡಿಯುತ್ತಿದ್ದಾರೆ ಅನ್ನಿಸಿತು...

ಅವರು ಸರಸಂಬಾದವರು. ಗೋಡೆ ಕಟ್ಟುವುದು, ನೆಲಕ್ಕೆ ಕಲ್ಲು ಹಾಸುವುದು ಅವರ ಕೆಲಸ. ಆಳಂದದ ಅರ್ಧ ಊರು ಅವರು ಹಾಸಿದ ನೆಲದ ಮೇಲೆ ಉಂಡು ಮಲಗುತ್ತಿತ್ತು. ಎಲ್ಲವೂ ಚೌಕದ ಕಲ್ಲು, ನೆಟ್ಟಗಿನ ಸಾಲು. ನಮ್ಮ ಮನೆಗೆ ಗೋಡೆ ಎಬ್ಬಿಸಿ ನೆಲ ಹಾಸಲು ಅವರು ಬಂದದ್ದು ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ. ಆಗ ನಾನು ಗುಲಬರ್ಗಾದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಬರುವಾಗ ಗ್ರೂಪ್ ಥಿಯರಿಯ ನೋಟ್ಸನ್ನು ಹೊತ್ತು ತಂದಿದ್ದೆ. ಹೊತ್ತು ತಂದಿದ್ದೆ ಅಷ್ಟೇ, ಒಂದಕ್ಷರ ತಲೆಗೆ ಹತ್ತಿರಲಿಲ್ಲ.

ಪಡಸಾಲೆಯಲ್ಲಿ ತಿರುಗಾಡುತ್ತಾ ಜೋರಾಗಿ ಓದುವುದು ನನ್ನ ಚಟ. "ಎರಡು ಕ್ರಿಯೆಗಳ ಕ್ರಮ ಬದಲಾದರೆ ಫಲವೂ ಬದಲಾಗಬಹುದು" ಎಂಬ ಸಾಲನ್ನು ಹತ್ತು ಸಲ ಒದರಿರಬೇಕು. ಚಾಚಾ ಉಳಿ ಕೆಳಗಿಟ್ಟರು.

"ಬೇಟಾ, ಮುಂಜಾನಿಂದ ಅದನ್ನೇ ಅನ್ನಾಕತ್ತಿ. ಏನ್ ತ್ರಾಸ ಅದ ಅದರಾಗ?"

ನಾನು ಬೇಸರದಿಂದಲೇ ವಿವರಿಸಿದೆ. ಒಂದು ಚೌಕವನ್ನು ತಿರುಗಿಸಬಹುದು, ಮಗುಚಬಹುದು. ಮೊದಲು ಯಾವುದು, ಆಮೇಲೆ ಯಾವುದು ಅನ್ನುವುದರ ಮೇಲೆ ಕೊನೆಯ ಸ್ಥಿತಿ ಬೇರೆಯಾಗುತ್ತದಂತೆ. ಅವರು ಒಂದು ಚೌಕದ ಕಲ್ಲು ಎಳೆದುಕೊಂಡು ಅದರ ಎಡ ಮೇಲಿನ ಮೂಲೆಗೆ ಹಿಂದೆಮುಂದೆ ಎರಡೂ ಕಡೆ ನೀಲಿ ಬಳಿದರು. ಕಲ್ಲನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದರು, ಆಮೇಲೆ ಪುಸ್ತಕದ ಹಾಳೆಯಂತೆ ಮಗುಚಿದರು. ನೀಲಿ ಹೊರಟಲ್ಲಿಗೇ ಬಂದು ಕೂತಿತು. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಮೊದಲು ಮಗುಚಿ ಆಮೇಲೆ ತಿರುಗಿಸಿದರು. ನೀಲಿ ಎದುರಿನ ಮೂಲೆಗೆ ಹೋಗಿಬಿಟ್ಟಿತು.

"ಇಷ್ಟೇ ಏನು? ಇದು ನಮ್ಮ ಕೈಗೆ ಗೊತ್ತದ" ಅಂದರು.

ನನಗೆ ಕುಣಿಯುವಂತಾಯಿತು. ಕುಣಿದೆನೋ ಏನೋ, ಅವ್ವ ಒಳಗಿನಿಂದ ಬೈದದ್ದು ನೆನಪಿದೆ. ಅವತ್ತಿನಿಂದ ನಾನು ಚಾಚಾನ ಬೆನ್ನು ಬಿಡಲಿಲ್ಲ. ಒಂದು ಚೌಕಕ್ಕೆ ತನ್ನ ಅಚ್ಚಿನಲ್ಲೇ ಬಂದು ಕೂರಲು ಎಂಟೇ ದಾರಿ. ಅವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ ಆ ಎಂಟರೊಳಗಿನದೇ ಇನ್ನೊಂದು ಬರುತ್ತದೆ, ಹೊರಗಿನದು ಬರುವುದೇ ಇಲ್ಲ. ಅದೇ ಒಂದು ಗ್ರೂಪು. ಉಪ್ಪಿನ ಹರಳಿನೊಳಗೆ ಪರಮಾಣುಗಳು ಸಾಲು ಹಿಡಿದು ಕೂತಿರುವುದು, ಬೆಳಕು ಅದರೊಳಗೆ ಹಾಯುವುದು, ಎಲ್ಲದರ ಹಿಂದೆ ಇಂಥದೇ ಲೆಕ್ಕವಿದೆ ಎಂದು ನಾನು ಹೇಳುತ್ತಿದ್ದರೆ ಚಾಚಾ ಬೀಡಿ ಹಚ್ಚುವುದನ್ನೂ ಮರೆತು ಕೇಳುತ್ತಿದ್ದರು. ಅಷ್ಟು ಚೆಂದದ ವಿದ್ಯಾರ್ಥಿ ನನಗೆ ಮುಂದೆ ನೌಕರಿಯಲ್ಲೂ ಸಿಗಲಿಲ್ಲ.

ಕೊನೆಗೆ ಉಳಿದದ್ದು ನನ್ನ ಓದುವ ಖೋಲಿ. ಅಲ್ಲಿ ತಮ್ಮ ಮನಸ್ಸಿನ ನಕ್ಷೆಯೊಂದನ್ನು ಹಾಸುತ್ತೇನೆಂದು ಚಾಚಾ ಅಪ್ಪನನ್ನು ಕೇಳಿಕೊಂಡರು. ನಲವತ್ತು ವರ್ಷ ಮಂದಿ ಹೇಳಿದ ಚೌಕವನ್ನೇ ಹಾಸಿದ್ದಾಯಿತು, ಒಂದು ಖೋಲಿಯಾದರೂ ನನ್ನದು ಅನ್ನುವಂಥದ್ದು ಇರಲಿ ಎಂದರು. ಉಳಿದ ತುಕಡಿ ಕಲ್ಲಲ್ಲೇ ಮಾಡುತ್ತೇನೆ ಅಂದದ್ದಕ್ಕೆ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪ ಒಪ್ಪಿದರು. ಬಾಗಿಲಿಗೆ ಗೋಣಿತಟ್ಟು ಕಟ್ಟಿ ಚಾಚಾ ಎಂಟು ದಿನ ಒಳಗೆ ಕೂತರು. ಒಂಬತ್ತನೆಯ ದಿನ ತಟ್ಟು ಸರಿಸಿದರು.

ನಡುವೆ ಐದು ಕಲ್ಲು ಸೇರಿ ಆಕಾಶದ ನಕ್ಷತ್ರದಂಥ ಒಂದು ಚುಕ್ಕಿ. ಅದರ ಸಂದುಗಳಲ್ಲಿ ತೆಳ್ಳಗಿನ ಐದು ಕಲ್ಲು. ದಪ್ಪದ್ದೊಂದು, ತೆಳ್ಳಗಿನದೊಂದು, ಓರೆ ಚೌಕದಂಥ ಎರಡೇ ಆಕಾರದ ಕಲ್ಲುಗಳು ಗೋಡೆಯವರೆಗೂ ಹರಡಿದ್ದವು. ಅಲ್ಲಲ್ಲಿ ಚುಕ್ಕಿ ಕಂಡಂತಾಗುವುದು, ಇದೇ ಸಾಲು ಮತ್ತೆ ಬಂತು ಅನ್ನುವಷ್ಟರಲ್ಲಿ ನಕ್ಷೆ ಬೇರೆ ಕಡೆ ಹೊರಳುವುದು.

ಅಪ್ಪನಿಗೆ ದಿಗಿಲಾಯಿತು. ಬೀಗರು ಬಂದರೆ ಗೌಂಡಿಗೆ ಸಾಲು ಹಿಡಿಯಲು ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಓದಿದಾಕಿ, ನೀನೇ ಹೇಳು. ಇದು ಬರಾಬರಿ ಅದನೋ ಇಲ್ಲೋ? ನೀ ಹೂಂ ಅಂದ್ರ ಇರಲಿ."

ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು.

ಅಯ್ಯೋ, ನಾನೆಂಥ ಶಾಣ್ಯಾಕಿ ಆಗ. ಹಿಂದಿನ ದಿನವಷ್ಟೇ ಒಂದು ಪ್ರಮೇಯ ಬಾಯಿಪಾಠ ಮಾಡಿದ್ದೆ. ಹರಳಿನಲ್ಲಿ ಎರಡು, ಮೂರು, ನಾಲ್ಕು, ಆರರ ಸುತ್ತು ಇರಬಹುದು, ಅಂದರೆ ಒಂದು ಪೂರ್ತಿ ಸುತ್ತು ತಿರುಗಿಸುವಾಗ ಅಷ್ಟು ಸಲ ಅದು ಮೊದಲಿನಂತೆಯೇ ಕಾಣಬಹುದು, ಐದರ ಸುತ್ತು ಸಾಧ್ಯವೇ ಇಲ್ಲ. ಸೀಮೆಸುಣ್ಣ ಹಿಡಿದು ಹೊಸ ಗೋಡೆಯ ಮೇಲೆ ಸಾಧನೆಯನ್ನೂ ಬರೆದು ತೋರಿಸಿದೆ.

"ಐದರದು ಆಗಂಗಿಲ್ರಿ ಚಾಚಾ. ಪುಸ್ತಕದಾಗೇ ಅದ."

ಅವರು ಗೋಡೆಯ ಹತ್ತಿರ ಹೋಗಿ ನೋಡಿದರು. "ಪುಸ್ತಕದಾಗಿನ ನಕ್ಷಿ ತಿರುಗಿ ತಿರುಗಿ ಅದೇ ಬರಬೇಕು, ಹೌದಿಲ್ಲೋ?"

"ಹೌದ್ರಿ."

"ನಂದು ತಿರುಗಿ ಬರಂಗಿಲ್ಲಲ್ಲ ಬೇಟಾ. ಖರೆ, ಎಲ್ಲೂ ಸಂದು ಬಿಟ್ಟಿಲ್ಲ ನೋಡು."

"ತಿರುಗಿ ಬರಲಿಲ್ಲಂದ್ರ ಅದು ನಕ್ಷಿನೇ ಅಲ್ರಿ" ಅಂದುಬಿಟ್ಟೆ.

ಚಾಚಾ ಕೈಗೆ ಹತ್ತಿದ ಸುಣ್ಣವನ್ನು ಲುಂಗಿಗೆ ಒರೆಸಿಕೊಂಡರು. "ಆಯ್ತ್ರಿ ಸಾವ್ಕಾರ್ರ, ಚೌಕ ಹಾಕ್ತೇನಿ" ಎಂದರು. ಮರುದಿನ ನಾನು ಗುಲಬರ್ಗಾಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಖೋಲಿಯಲ್ಲಿ ಚೌಕದ ಕಲ್ಲು ಬಂದಿತ್ತು, ನೆಟ್ಟಗಿನ ಸಾಲು. ಆದರೆ ಹೊಸ್ತಿಲ ಹತ್ತಿರ ನೆಲ ಎರಡು ಬೆರಳು ಎತ್ತರವಾಗಿತ್ತು. ಅಲ್ಲಿ ಎಡವದವರಿಲ್ಲ. "ಗೌಂಡಿ ಸಿಟ್ಟಿನಾಗ ಅಳತಿ ತಪ್ಪಿಸ್ಯಾನ" ಎಂದು ಅವ್ವ ಎಡವಿದ ಕಾಲ್ಬೆರಳು ಹಿಡಿದುಕೊಂಡಾಗಲೆಲ್ಲ ಬೈಯುತ್ತಿದ್ದಳು.

ಪರೀಕ್ಷೆಯಲ್ಲಿ ಆ ಪೇಪರಿನಲ್ಲೇ ನನಗೆ ಹೆಚ್ಚು ಅಂಕ ಬಂತು. ಜೇವರ್ಗಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಗುಲಬರ್ಗಾದ ಲೈಬ್ರರಿಯಲ್ಲಿ ಒಂದು ವಿಜ್ಞಾನ ಪತ್ರಿಕೆ ತಿರುವುತ್ತಿದ್ದವಳು ಒಂದು ಪುಟಕ್ಕೆ ಬಂದು ನಿಂತೆ. ಅಲ್ಯುಮಿನಿಯಂ ಬೆರೆತ ಒಂದು ಲೋಹದ ಚಿತ್ರ. ನಡುವಿನ ಬಿಂದುವಿನ ಸುತ್ತ ಹತ್ತು ಬಿಂದು, ಅದರಾಚೆ ಮತ್ತೆ ಹತ್ತು. ಇಂಥ ಚಿತ್ರದಲ್ಲಿ ಐದು ಜೋಡಿಯಾಗಿ ಹತ್ತಾಗಿ ಕಾಣುತ್ತದೆ; ಆಗುವುದೇ ಇಲ್ಲ ಅಂದಿದ್ದ ಐದರ ಸುತ್ತು. ಪರಮಾಣುಗಳು ಶಿಸ್ತಾಗಿಯೇ ಕೂತಿವೆ, ಆದರೆ ಸಾಲು ತಿರುಗಿ ಬರುವುದಿಲ್ಲ ಎಂದು ಬರೆದಿತ್ತು. ಜೊತೆಗೆ ಎರಡು ಆಕಾರದ ತುಂಡುಗಳ ಒಂದು ನಕ್ಷೆಯೂ ಇತ್ತು, ದಪ್ಪದ್ದೊಂದು, ತೆಳ್ಳಗಿನದೊಂದು. ಪ್ರಮೇಯ ಸುಳ್ಳಾಗಿರಲಿಲ್ಲ. ತಿರುಗಿ ಬರುವ ನಕ್ಷೆಗೆ ಮಾತ್ರ ಅದು ಲಾಗೂ ಆಗುತ್ತಿತ್ತು. ಚಾಚಾ ಅವತ್ತು ಕೇಳಿದ್ದೂ ಅದನ್ನೇ.

ಚಿತ್ರವನ್ನು ಹಾಳೆಗೆ ಇಳಿಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಕಡಗಂಚಿ ದಾಟುವವರೆಗೂ ಕೂರಲು ಜಾಗ ಸಿಗಲಿಲ್ಲ, ಸಿಕ್ಕಿದ್ದರೂ ಕೂರುತ್ತಿರಲಿಲ್ಲ. ಆಳಂದದಲ್ಲಿ ವಿಚಾರಿಸಿದರೆ ಚಾಚಾ ಅಫಜಲಪುರದ ಮಗಳ ಮನೆ ಸೇರಿದ್ದಾರೆ, ಕೆಲಸ ಚೌಡಾಪುರದಲ್ಲಿ ನಡೆದಿದೆ ಎಂದರು. ಮರುದಿನ ಅಲ್ಲಿಗೂ ಹೋದೆ. ಕಟ್ಟುತ್ತಿದ್ದ ಅಂಗಡಿಗಳ ಮುಂದೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಯಾರ ಮಾಡಿದ್ದು ಇದು?"

"ಯಾರೂ ಮಾಡಿಲ್ರಿ ಚಾಚಾ. ಲೋಹದಾಗ ತಾವೇ ಹಿಂಗ ಕೂತಾವ."

"ಹಂಗಾರ ಮ್ಯಾಲಿನ ಗೌಂಡಿಗೆ ಮೊದಲೇ ಗೊತ್ತಿತ್ತು ಅನ್ನು" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ನನ್ನ ಮಾತಿಗೆ ನೀವು ಅದನ್ನು ಒಡೆದು ಹಾಕಿದಿರಿ, ತಪ್ಪಾಯಿತು ಅಂದೆ.

"ಕಲ್ಲ ಎಲ್ಲಿ ಹೋಗ್ತಾವ ಬೇಟಾ" ಅಂದರು. ಚಹಾ ತರಿಸಿದರು. ನಾನು ಬಸ್ ಹತ್ತುವಾಗ, "ನಿಮ್ಮವ್ವ ಇನ್ನಾ ಎಡವ್ತಾಳೇನು?" ಎಂದು ಕೇಳಿ ಮತ್ತೆ ನಕ್ಕರು. ಎಂಥ ದಡ್ಡಿ ನಾನು, ಆಗಲೂ ಹೊಳೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಹೋದ ಸುದ್ದಿ ಬಂತು...

ಹೋದ ವಾರ ಕೆಲಸದವನೊಬ್ಬ ಕೂಗಿದ. "ಮೇಡಮ್ಮಾರ, ಇಲ್ಲಿ ಬರ್ರಿ. ಈ ಖೋಲಿಯಾಗ ತಳಗ ಇನ್ನೊಂದು ನೆಲಾ ಅದ."

ಚೌಕದ ಕಲ್ಲು ಎದ್ದಿತ್ತು. ಕಲ್ಲು ಒಂದು ಬೆರಳು, ಅದರ ಕೆಳಗೆ ಮರಳು ಒಂದು ಬೆರಳು, ಮರಳಿನ ಕೆಳಗೆ ಚುಕ್ಕಿ. ಒಂದು ಕಲ್ಲೂ ಒಡೆದಿರಲಿಲ್ಲ. ಸುಣ್ಣ ತಾಗದಂತೆ ಚಾಚಾ ಮರಳು ಹಾಸಿ ಮುಚ್ಚಿಟ್ಟಿದ್ದರು. ಕೊಡಗಟ್ಟಲೆ ನೀರು ಹೊಯ್ಯಿಸಿ ತೊಳೆಸಿದೆ. ಮೊಣಕಾಲೂರಿ ನಡುವಿನಿಂದ ಗೋಡೆಯವರೆಗೆ ಬೆರಳಾಡಿಸುತ್ತಾ ಹೋದೆ, ಎಲ್ಲಾದರೂ ಸಂದು ಬಿಟ್ಟಿದೆಯೇ ಎಂದು. ಬಿಟ್ಟಿರಲಿಲ್ಲ.

"ಅತ್ತೀ, ಇದಕ್ಕ ಏನ್ ಮಾಡೂದು?" ತಮ್ಮನ ಮಗ ಬಾಗಿಲಲ್ಲಿ ನಿಂತು ಕೇಳಿದ.

ಇದರ ಮೇಲೆ ಏನೂ ಹಾಕಬೇಡ ಎಂದೆ. ಅವನು ಹೋದ ಮೇಲೆ, ಒದ್ದೆ ಕಲ್ಲಿನ ಮೇಲೆ ಕೈ ಊರಿಕೊಂಡೇ, ನಲವತ್ತು ವರ್ಷದ ಹಿಂದೆ ಅಪ್ಪನ ಎದುರು ಹೇಳಬೇಕಾಗಿದ್ದನ್ನು ಹೇಳಿದೆ. "ಇದು ನಕ್ಷಿ ಅದರಿ ಚಾಚಾ."

ಖೋಲಿಯಲ್ಲಿ ನಾನೊಬ್ಬಳೇ ಇದ್ದೆ.